ಸಮುದ್ರ ಕಾಣದ ಹಗ್ಗ

“ಈ ಹಗ್ಗ ಸಮುದ್ರ ಕಂಡೇ ಇಲ್ಲ, ಮೇಷ್ಟ್ರೇ,” ಎಂದರು ಅತ್ತಿಗೆ.

ಉಪಕರಣಗಳ ಕೋಣೆಯಲ್ಲಿ ಕಿಟಕಿಯ ಸಂದಿಯಿಂದ ಸಣ್ಣ ಗಾಳಿ ಸಿಳ್ಳೆ ಹೊಡೆಯುತ್ತಿತ್ತು.

ನಾನು ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದೆ. ದೋಣಿಯಿಂದ ಏಣಿ ಹತ್ತಿ ನಡುಸಮುದ್ರದ ಈ ಕಬ್ಬಿಣದ ಕಟ್ಟೆಯ ಮೇಲೆ ಬಂದು ಎಷ್ಟೋ ಹೊತ್ತಾಗಿತ್ತು. ಹೊಟ್ಟೆ ಮಾತ್ರ ಇನ್ನೂ ದೋಣಿಯಲ್ಲೇ ಇತ್ತು. ಡೈವರ್ ಆದವನಿಗೆ ದೋಣಿ ಆಗದು ಎಂದರೆ ಊರೆಲ್ಲ ನಗುತ್ತದೆ. ಏನು ಮಾಡಲಿ, ನೀರೊಳಗೆ ಇಳಿದರೆ ನಾನು ಹುಲಿ, ನೀರ ಮೇಲೆ ಕೂತರೆ ಹಿಂಡಿದ ನಿಂಬೆಹಣ್ಣು. ಅಣ್ಣನ ಕೈ ಹಿಡಿದು ಮನೆಗೆ ಬಂದ ವರ್ಷವೇ ಅತ್ತಿಗೆ ನನಗೆ ‘ಕಪ್ಪೆ’ ಎಂದು ಹೆಸರಿಟ್ಟರು. ಅದೇ ನಿಂತಿತು.

ಸಮುದ್ರದ ಮೇಲೆ ತೇಲುತ್ತ ಗಾಳಿ ಅಳೆಯುವ ಯಂತ್ರ ‘ಹಳದಿ ಬುಗುರಿ’ ಕಾಣೆಯಾಗಿ, ಅದನ್ನು ಕದ್ದನೆಂಬ ಆರೋಪದ ಮೇಲೆ ಮೀನುಗಾರರ ಯಜಮಾನನ ಅಳಿಯ ಲಾಕಪ್ಪಿನಲ್ಲಿ ಕೂತು, ಪೊಲೀಸರ ಅಪ್ಪಣೆಯಿಂದ ಊರಿನ ದೋಣಿಗಳೆಲ್ಲ ಬಂದರಿನಲ್ಲಿ ಕಟ್ಟಿಬಿದ್ದು ವಾರ ಕಳೆದಿತ್ತು. ಅಳಿಯನನ್ನು ಬಿಡಿಸಿಕೊಡಿ ಎಂದು ಆ ಯಜಮಾನನೇ ಅತ್ತಿಗೆಯನ್ನು ಕರೆಸಿದ್ದ.

“ಮೇಡಂ, ಅದು ಸಾಕ್ಷ್ಯ,” ಎಂದು ಇನ್ಸ್‌ಪೆಕ್ಟರ್ ಕೈ ಮುಂದೆ ಚಾಚಿದರು. ಅತ್ತಿಗೆ ಬಂದರಿನ ಪೊಲೀಸಿನಲ್ಲಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತ ಮನುಷ್ಯ. ಅತ್ತಿಗೆ ನೌಕರಿ ಬಿಟ್ಟು ಸ್ವಂತ ಪತ್ತೇದಾರಿ ಶುರುಮಾಡಿ ಎಷ್ಟೋ ಕಾಲವಾದರೂ, ಅವರು ಎದ್ದುನಿಂತರೆ ಇವರಿಗೆ ಕೂತಿರಲು ಆಗುತ್ತಿರಲಿಲ್ಲ.

“ಸಾಕ್ಷ್ಯ ಅಂತಾನೇ ಚೀಲದಿಂದ ತೆಗೆದದ್ದು. ಮುಟ್ಟಿ ನೋಡಿ ಇನ್ಸ್‌ಪೆಕ್ಟ್ರೇ.”

ಮೇಜಿನ ಮೇಲೆ ಮೊಳದುದ್ದದ ನೀಲಿ ಹಗ್ಗ ಬಿದ್ದಿತ್ತು. ಮಣಿಕಟ್ಟಿನಷ್ಟು ದಪ್ಪ. ಒಂದು ತುದಿಯನ್ನು ಚಾಕುವಿನಿಂದ ಕೊಯ್ದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ‘ಬುಗುರಿಯನ್ನು ಕಟ್ಟಿದ್ದ ಹಗ್ಗ, ಮೀನುಗಾರರು ಕೊಯ್ದು ಬುಗುರಿಯನ್ನು ಎಳೆದುಕೊಂಡು ಹೋಗಿದ್ದಾರೆ’ ಎಂದು ಇದನ್ನು ಪೊಲೀಸರ ಕೈಗೆ ಕೊಟ್ಟವರು ಎದುರಿಗೇ ಕೂತಿದ್ದರು. ಕಟ್ಟೆಯ ಮುಖ್ಯ ವಿಜ್ಞಾನಿ. ಎಲ್ಲರ ಬಾಯಲ್ಲಿ ‘ಗಾಳಿ ಮೇಷ್ಟ್ರು’.

ದೊಡ್ಡ ಮನುಷ್ಯ. ಸಮುದ್ರದ ಗಾಳಿಯಿಂದ ವಿದ್ಯುತ್ ತೆಗೆಯುವ ವಿದ್ಯೆಯನ್ನು ನೂರಾರು ಮಕ್ಕಳಿಗೆ ಕಲಿಸಿದವರು. ನೆಲ ಕಾಣದಷ್ಟು ದೂರದಲ್ಲಿ, ನಾಲ್ಕು ಉಕ್ಕಿನ ಕಾಲುಗಳ ಮೇಲೆ ಈ ಸಂಶೋಧನಾ ಕಟ್ಟೆಯನ್ನು ನಿಲ್ಲಿಸಿದವರೂ ಅವರೇ. ಇಲ್ಲಿ ಗಾಳಿ ಚೆನ್ನಾಗಿದೆ ಎಂದು ಸಾಬೀತಾದರೆ ಸುತ್ತಲಿನ ನೀರಿನಲ್ಲಿ ಗಾಳಿಯಂತ್ರಗಳ ದೊಡ್ಡ ತೋಪೇ ಏಳಲಿತ್ತು.

“ಒಂದು ವರ್ಷ ನೀರಲ್ಲಿದ್ದ ಹಗ್ಗ ಇದು ಅಂತೀರಿ,” ಎಂದರು ಅತ್ತಿಗೆ. “ಪಾಚಿ ಎಲ್ಲಿ? ಚಿಪ್ಪು ಎಲ್ಲಿ?”

“ತೊಳೆದಿದ್ದೀವಮ್ಮ. ಪೊಲೀಸರಿಗೆ ಕೊಡೋ ವಸ್ತು, ಗಲೀಜಾಗಿ ಕೊಡೋಕಾಗುತ್ತಾ?”

“ತೊಳೆದ್ರೆ ಪಾಚಿ ಹೋಗುತ್ತೆ, ಒಪ್ಪಿದೆ. ಬಣ್ಣ?”

ಅತ್ತಿಗೆ ಹಗ್ಗವನ್ನು ನಿಧಾನವಾಗಿ ಹೊರಳಿಸಿದರು. ಒಂದು ಮಗ್ಗುಲು ಅಂಗಡಿಯಿಂದ ತಂದಷ್ಟು ಗಾಢ ನೀಲಿ. ಇನ್ನೊಂದು ಮಗ್ಗುಲು ಹಳೆಯ ಹೊದಿಕೆಯ ಹಾಗೆ ಬೆಳ್ಳಗೆ ಮಾಸಿತ್ತು. ನಡುವೆ ಗೆರೆ ಎಳೆದಂತೆ ಎರಡೂ ಬೇರೆ ಬೇರೆ.

“ನೀರಲ್ಲಿರೋ ಹಗ್ಗ ಸದಾ ತಿರುಗ್ತಾ ಇರುತ್ತೆ. ಇದರ ಒಂದೇ ಮಗ್ಗುಲಿಗೆ ಬಿಸಿಲು ಬಡಿದಿದೆ. ಅಂದ್ರೆ ಎಲ್ಲೋ ಅಲ್ಲಾಡದೆ ಸುರುಳಿ ಸುತ್ಕೊಂಡು ಮಲಗಿತ್ತು.” ಅತ್ತಿಗೆ ಉಪ್ಪು ಹಿಡಿದ ಕಿಟಕಿಯ ಗಾಜನ್ನು ಸೆರಗಿನಿಂದ ಒರೆಸಿದರು. “ಕ್ರೇನಿನ ಬುಡದಲ್ಲಿ ಇದರ ಅಣ್ಣ ಇನ್ನೂ ಮಲಗಿದ್ದಾನೆ, ನೋಡಿ.”

ಇನ್ಸ್‌ಪೆಕ್ಟರ್ ಕಿಟಕಿಗೆ ಮೂಗು ಒತ್ತಿದರು. ಹೊರಗೆ ಕ್ರೇನಿನ ಪಕ್ಕದಲ್ಲಿ ದೊಡ್ಡ ಸುರುಳಿ. ಮೇಲ್ಭಾಗ ಬಿಳುಪು, ಅಡಿಭಾಗ ನೀಲಿ. ಹೊರಚಾಚಿದ ತುದಿ ಹೊಸದಾಗಿ ಕೊಯ್ದ ಹಾಗೆ ಮಿರುಗುತ್ತಿತ್ತು.

ಇನ್ಸ್‌ಪೆಕ್ಟರ್ ಹೊರಗೆ ಹೋಗಿ, ತುಂಡನ್ನು ಸುರುಳಿಯ ತುದಿಗೆ ಒತ್ತಿ ಹಿಡಿದು ಬಹಳ ಹೊತ್ತು ನೋಡಿದರು. ವಾಪಸು ಬಂದಾಗ ಅವರ ಕಿವಿ ಕೆಂಪಾಗಿತ್ತು.

“ಎಳೆಗೆ ಎಳೆ ಕೂಡುತ್ತೆ ಮೇಡಂ.”

ಮೇಷ್ಟ್ರು ನಕ್ಕರು. ಪಾಠದ ಮಧ್ಯೆ ಮಕ್ಕಳು ತಪ್ಪು ಹೇಳಿದಾಗ ನಗುವ ನಗೆ.

“ಸರಿ, ಯಾರೋ ಕೆಲಸದವರು ತಪ್ಪಿ ಬೇರೆ ಹಗ್ಗ ಕೊಟ್ಟಿರಬಹುದು. ಅಷ್ಟಕ್ಕೇ ಬುಗುರಿ ಸಿಕ್ಕಿಬಿಡ್ತಾ? ಅದು ಕಳ್ಳತನ ಆಗಿದ್ದು ಸುಳ್ಳಾ? ಎಲ್ಲಿದೆ ಹೇಳಿ, ನಾನೇ ಹೋಗಿ ಅಪ್ಪಿಕೊಂಡು ಬರ್ತೀನಿ.”

“ಅದನ್ನೇ ಯೋಚಿಸ್ತಿದ್ದೆ,” ಎಂದರು ಅತ್ತಿಗೆ. ಕುರ್ಚಿ ಎಳೆದು ಅವರೆದುರು ಕೂತರು. “ಆನೆಯಷ್ಟು ತೂಕದ ಯಂತ್ರ. ಮೇಲೆತ್ತಬೇಕಾದ್ರೆ ಈ ಕ್ರೇನ್ ಬೇಕು. ಕ್ರೇನಿನವನನ್ನ ಕೇಳಿದೆ, ಎತ್ತಿಲ್ಲ. ಎಳೆದುಕೊಂಡು ಹೋಗಬೇಕಾದ್ರೆ ದೊಡ್ಡ ಹಡಗು ಬೇಕು. ಮೀನಿನ ದೋಣಿ ಅದನ್ನ ಕಟ್ಟಿಕೊಂಡ್ರೆ ನಿಂತಲ್ಲೇ ಗುಯ್‌ಗುಟ್ಟುತ್ತೆ. ಮೇಲಕ್ಕೂ ಹೋಗಿಲ್ಲ, ಪಕ್ಕಕ್ಕೂ ಹೋಗಿಲ್ಲ. ಇನ್ನು ಉಳಿದಿದ್ದು ಒಂದೇ ದಿಕ್ಕು.”

ಕೋಣೆಯ ಮೂಲೆಯಲ್ಲಿ ಕಂಪ್ಯೂಟರ್ ತೆರೆಗಳ ಮುಂದೆ ಕೂತಿದ್ದ ಹುಡುಗಿ ತಟ್ಟನೆ ತಲೆ ಎತ್ತಿದಳು. ಉಪಕರಣಗಳನ್ನು ನೋಡಿಕೊಳ್ಳುವ ಇಂಜಿನಿಯರ್, ಮೇಷ್ಟ್ರ ಅಚ್ಚುಮೆಚ್ಚಿನ ಶಿಷ್ಯೆ. ಬುಗುರಿ ಕಾಣೆಯಾದಾಗ ರಜೆಯಲ್ಲಿ ಊರಿಗೆ ಹೋಗಿದ್ದಳಂತೆ. ಅವಳು ಅತ್ತಿಗೆಯನ್ನು ನೋಡಲಿಲ್ಲ, ಮೇಷ್ಟ್ರ ಮುಖ ನೋಡಿದಳು.

“ಅದು ಮುಳುಗೋ ಯಂತ್ರ ಅಲ್ಲ,” ಎಂದರು ಮೇಷ್ಟ್ರು. “ಬಿರುಗಾಳಿಗೇ ಮುಳುಗಿಲ್ಲ.”

“ತಾನಾಗಿ ಮುಳುಗದ್ದು ಮುಳುಗಿದ್ರೆ, ಯಾರೋ ಮುಳುಗಿಸಿದ್ದಾರೆ ಅಂತ ಅರ್ಥ. ಕಪ್ಪೆ, ಡ್ರೆಸ್ ಹಾಕ್ಕೋ.”

“ಆಗಲ್ಲ!” ಮೇಷ್ಟ್ರು ಎದ್ದುಬಿಟ್ಟರು. “ಇವತ್ತು ನೀರಿನ ಸೆಳೆತ ಜೋರಿದೆ. ಕಟ್ಟೆಗೆ ನಾನು ಜವಾಬ್ದಾರ. ನನ್ನ ಅನುಮತಿ ಇಲ್ಲದೆ ಇಲ್ಲಿ ಒಬ್ಬರೂ ನೀರಿಗೆ ಇಳಿಯೋ ಹಾಗಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ಕಿಟಕಿಯಾಚೆ ಸಮುದ್ರ ತಟ್ಟೆಯಲ್ಲಿ ಹಾಲು ಹೊಯ್ದ ಹಾಗೆ ಸಪಾಟಾಗಿತ್ತು.

ಇನ್ಸ್‌ಪೆಕ್ಟರ್ ಆ ನೀರನ್ನು ನೋಡಿದರು, ಕೈಯಲ್ಲಿದ್ದ ಹಗ್ಗ ನೋಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ ವಾರದ ಹಿಂದೆ ಕೈಕೋಳ ಹಾಕಿಸಿದವರು ಅವರೇ.

“ಅನುಮತಿ ನಾನು ಕೊಡ್ತೀನಿ,” ಎಂದರು. “ಇಳೀರಿ.”

*

ಏಣಿಯ ಕೆಳಗೆ ನಮ್ಮನ್ನು ಕರೆತಂದ ದೋಣಿ ಕಾಯುತ್ತಿತ್ತು. ಪೊಲೀಸರು ಬಿಟ್ಟ ಒಂದೇ ಒಂದು ದೋಣಿ ಅದು. ಅದರ ಚುಕ್ಕಾಣಿ ಹಿಡಿದವನೇ ಮೀನುಗಾರರ ಯಜಮಾನ. ಅಡ್ಡಹೆಸರು ‘ಕಹಳೆ’. ಅವನು ಪಿಸುಗುಟ್ಟಿದರೆ ಪಕ್ಕದ ಬೀದಿಗೆ ಸುದ್ದಿಯಾಗುತ್ತದೆ.

“ತಮ್ಮಾ,” ಎಂದು ಅವನು ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಹೇಳಿದ. ಕಟ್ಟೆಯ ಕಂಬಿಗಳ ಮೇಲಿದ್ದ ಹಕ್ಕಿಗಳೆಲ್ಲ ಹಾರಿಹೋದವು. “ನನ್ನ ಮಗಳು ಗಂಡ ಬರೋವರೆಗೂ ನೆಟ್ಟಗೆ ಊಟ ಮಾಡಲ್ಲ ಅಂತ ಕೂತಿದ್ದಾಳೆ. ಬರಿಗೈಲಿ ಮೇಲೆ ಬರಬೇಡಪ್ಪ. ಆ ಬುಗುರಿ ನಾವ್ಯಾಕೆ ಕದೀತೀವಿ? ಇಲ್ಲಿ ಗಾಳಿ ಸಾಲಲ್ಲ ಅಂತ ಆದ್ರೆ, ಆ ಯಂತ್ರಗಳನ್ನೆಲ್ಲ ತಂದು ದಡದ ಹತ್ತಿರ ನಮ್ಮ ಮೀನಿನ ದಿಬ್ಬದ ಮೇಲೆ ನೆಡ್ತಾರೆ. ಇಲ್ಲಿ ಗಾಳಿ ಬೀಸಲಿ ಅಂತ ನಾವೇ ಕೈ ಮುಗೀತಿದ್ದೀವಿ!”

ನಾನು ತಲೆಗವಸು ಹಾಕಿಕೊಂಡೆ. ಅದರೊಳಗಿಂದ ಮಾತಿನ ತಂತಿ ಮೇಲೆ ಅತ್ತಿಗೆಯ ಕೈಯಲ್ಲಿದ್ದ ಫೋನಿಗೆ ಹೋಗುತ್ತಿತ್ತು. ಇಳಿದೆ.

ನೀರು ತಲೆ ಮುಚ್ಚಿದ್ದೇ ತಡ, ಹೊಟ್ಟೆಯ ತೊಳಸು ಮಾಯವಾಯಿತು. ಕಟ್ಟೆಯ ಕಾಲುಗಳಿಗೆ ಮಸಿಬಣ್ಣದ ಚಿಪ್ಪುಗಳು ಗೊಂಚಲುಗೊಂಚಲಾಗಿ ಅಂಟಿದ್ದವು. ಅವುಗಳ ಸುತ್ತ ಬೆಳ್ಳಿ ಮೀನುಗಳ ಹಿಂಡು ಒಮ್ಮೆಲೇ ತಿರುಗಿ, ಒಮ್ಮೆಲೇ ಬೆಳಗಿ, ದಾರಿ ಬಿಟ್ಟಿತು. ಕೆಳಗಿಳಿದಂತೆ ಬೆಳಕು ಹಸಿರಾಯಿತು, ಆಮೇಲೆ ಬೂದಿ.

ಬುಗುರಿ ಇದ್ದ ಜಾಗದ ಕಡೆಗೆ ಈಜಿದೆ. ಮೊದಲು ಕಂಡದ್ದು ಹಳದಿಯ ಮಬ್ಬು ಮಚ್ಚೆ. ಹತ್ತಿರವಾದಾಗ ಅದಕ್ಕೆ ಅಂಚು ಮೂಡಿತು.

ಮಗು ಆಟವಾಡಿ ಎಸೆದ ಆಟಿಕೆಯ ಹಾಗೆ ಮರಳಿನಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು. ನನ್ನ ದೀಪ ಹಾಯಿಸಿದೆ. ಅದರ ಮೈಯಲ್ಲಿ ತಟ್ಟೆಯಗಲದ ಕಿಂಡಿ ಬಾಯಿ ತೆರೆದಿತ್ತು. ಮುಚ್ಚಳವಿಲ್ಲ. ಒಡೆದ ಗುರುತಿಲ್ಲ, ಬಾಗಿದ ಗುರುತಿಲ್ಲ. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ತೆಗೆದಿದ್ದರು.

“ಅತ್ತಿಗೆ, ಸಿಕ್ತು!”

ಮೇಲಿಂದ ಬಂದದ್ದು ಒಂದೇ ಮಾತು. “ಹಗ್ಗ?”

ಬುಗುರಿಯ ಕೊರಳಿಂದ ಕೈಯಾಡಿಸುತ್ತ ಹೋದೆ. ಪಾಚಿ ಬೆಳೆದು ಹಗ್ಗ ನನ್ನ ತೊಡೆಯಷ್ಟು ದಪ್ಪವಾಗಿತ್ತು. ಚಿಪ್ಪುಗಳು ಕೈಗವಸನ್ನು ಕೆರೆದವು. ಒಂದೇ ಒಂದು ಕಡೆಯೂ ತುಂಡಾಗದೆ, ಮರಳಿನಲ್ಲಿ ಹಾವಿನಂತೆ ಬಳುಕಿ, ತಳದ ಸರಪಳಿಗೆ ಹೋಗಿ ಸೇರಿತ್ತು.

“ಪೂರ್ತಿ ಇದೆ ಅತ್ತಿಗೆ. ಯಾರೂ ಕೊಯ್ದಿಲ್ಲ. ಬೀಗರ ಮನೆಗೆ ಬಂದ ಹಾಗೆ ಆರಾಮಾಗಿ ಮಲಗಿದೆ!”

ತಂತಿಯಲ್ಲಿ ಕಿವಿ ಕಿತ್ತುಹೋಗುವಂಥ ಒಂದು ಕೂಗು ಕೇಳಿಸಿತು. ಕಹಳೆಗೆ ಸುದ್ದಿ ಮುಟ್ಟಿತ್ತು. ನಿಜ ಹೇಳಬೇಕೆಂದರೆ ತಂತಿ ಇಲ್ಲದೆಯೂ ಅದು ನನಗೆ ಕೇಳಿಸುತ್ತಿತ್ತು.

*

ಕ್ರೇನಿನ ಕೊಕ್ಕೆ ಇಳಿದು ಬಂತು. ಸರಪಳಿ ಬಿಡಿಸಿ, ಪಟ್ಟಿ ಬಿಗಿದು, ನಾನು ಮೇಲೆ ಬಂದೆ. ಕಟ್ಟೆಯ ಮೇಲಿದ್ದವರೆಲ್ಲ ಕಂಬಿಗಳ ಹತ್ತಿರ ಸೇರಿದ್ದರು. ಅಡುಗೆಯವನೂ ಸೌಟು ಹಿಡಿದೇ ಓಡಿಬಂದಿದ್ದ.

ಮೊದಲು ನೀರು ಉಬ್ಬಿತು. ಉಬ್ಬಿದ ನೀರು ಒಡೆಯಿತು. ಪಾಚಿಯ ಗಡ್ಡ ಇಳಿಬಿಟ್ಟುಕೊಂಡು, ಕಿಂಡಿಯಿಂದ ಧಾರೆಧಾರೆಯಾಗಿ ನೀರು ಸುರಿಸುತ್ತ, ಬಿಸಿಲಿಗೆ ಫಳಫಳ ಹೊಳೆಯುತ್ತ ಹಳದಿ ಬುಗುರಿ ಆಕಾಶಕ್ಕೆ ಏರಿತು.

ಅಡುಗೆಯವನು ಸೌಟಿನಿಂದ ಕಂಬಿ ಬಡಿಯತೊಡಗಿದ. ಒಬ್ಬರಿಗೊಬ್ಬರು ಪರಿಚಯವಿಲ್ಲದವರೂ ಬೆನ್ನು ತಟ್ಟಿಕೊಂಡರು. ಕಹಳೆ ದೋಣಿಯ ವೈರ್‌ಲೆಸ್ ಕಿತ್ತು ಬಾಯಿಗೆ ಹಿಡಿದ. “ಸಿಕ್ತು ಕಣ್ರೋ! ಹಗ್ಗ ಹಾಗೇ ಇದೆ! ನಾವು ಕಳ್ಳರಲ್ಲ!”

ಅತ್ತ ಕಡೆಯಿಂದ ಮೊದಲು ಬರೀ ಗರಗರ. ಆಮೇಲೆ ಒಂದು ದೋಣಿಯ ಹಾರ್ನ್. ಅದಕ್ಕೆ ಇನ್ನೊಂದು ಸೇರಿತು. ಮತ್ತೊಂದು. ಬಂದರಿನಲ್ಲಿ ಕಟ್ಟಿಹಾಕಿದ್ದ ದೋಣಿಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟವು. ಆ ಸಣ್ಣ ಪೆಟ್ಟಿಗೆಯೊಳಗಿಂದ ಇಡೀ ಊರು ಹೊರಗೆ ನುಗ್ಗಿ ಬಂದ ಹಾಗಾಯಿತು. ಮುದುಕ ಕಹಳೆ ವೈರ್‌ಲೆಸ್ಸನ್ನು ಎದೆಗೆ ಅಪ್ಪಿಕೊಂಡು ಅಳುತ್ತಿದ್ದ.

ನನಗೂ ಕಣ್ಣು ತೇವವಾಯಿತು. ಉಪ್ಪುನೀರಿನ ದೆಸೆ ಎಂದುಕೊಂಡೆ.

ಶಿಷ್ಯೆ ಬುಗುರಿಯ ಎದೆಯ ಭಾಗ ಬಿಚ್ಚಿದಳು. ಗಾಳಿಯ ಅಳತೆಗಳನ್ನೆಲ್ಲ ಅದು ತನ್ನೊಳಗೇ ಕೂಡಿಟ್ಟುಕೊಳ್ಳುತ್ತಿತ್ತು. ವರ್ಷ ತುಂಬಿದ ಮೇಲೆ ತೆಗೆದು, ಕಟ್ಟೆಯ ಎತ್ತರದ ಗಾಳಿಕಂಬದ ಅಳತೆಗೆ ಹೋಲಿಸಿ ನೋಡಬೇಕೆಂಬುದು ನಿಯಮ. ಆ ವರ್ಷ ಇದೇ ತಿಂಗಳು ತುಂಬುತ್ತಿತ್ತು. ನೀರು ಹೋಗದಂತೆ ಬೆಸೆದಿದ್ದ ಪೆಟ್ಟಿಗೆಯನ್ನು ಅವಳು ಅಲ್ಲಾಡಿಸಿ ನೋಡಿದಳು.

“ನೀರು ಹೋಗಿಲ್ಲ!” ಎಂದು ಚೀರಿದಳು.

ಮೇಷ್ಟ್ರು ಮಾತ್ರ ಕೋಣೆಯಿಂದ ಹೊರಗೆ ಬಂದಿರಲಿಲ್ಲ.

ನಾವು ಒಳಗೆ ಹೋದಾಗ ಅವರು ಗಾಳಿಕಂಬ ಕಾಣುವ ಕಿಟಕಿಯ ಹತ್ತಿರ ನಿಂತಿದ್ದರು. ಶಿಷ್ಯೆ ಪೆಟ್ಟಿಗೆಯನ್ನು ತೆರೆಗೆ ಜೋಡಿಸುತ್ತಿದ್ದಳು. ಅವರು ತಿರುಗದೆಯೇ ಮಾತಾಡಿದರು.

“ತೆರೀಬೇಡಮ್ಮ. ನಾನೇ ಹೇಳ್ತೀನಿ.”

ಇನ್ಸ್‌ಪೆಕ್ಟರ್ ಏನೋ ಕೇಳಲು ಹೊರಟರು, ಅತ್ತಿಗೆ ಕೈಸನ್ನೆಯಿಂದ ತಡೆದರು.

“ಬಿರುಗಾಳಿ ಬಂದಾಗ ಕಂಬದ ತುದೀಲಿ ಗಾಳಿಗೆ ತಿರುಗೋ ಅಳತೆ ಬಟ್ಟಲುಗಳು ಸಿಕ್ಕಿಹಾಕ್ಕೊಂಡ್ವು. ಹತ್ತಿ ಸರಿಮಾಡೋ ಹಾಗಿರಲಿಲ್ಲ, ಅಷ್ಟು ಅಲೆ. ನಲವತ್ತು ವರ್ಷ ಗಾಳಿ ನೋಡಿದ್ದೀನಿ, ಅಂದಾಜು ಬರೆದ್ರೇನು ಅಂದ್ಕೊಂಡೆ. ಒಂದು ದಿನ ಬರೆದೆ. ಅದು ವಾರ ಆಯ್ತು, ತಿಂಗಳುಗಳೇ ಆಯ್ತು. ಸರಿಮಾಡಿಸಿದ್ರೆ ಅಲ್ಲಿವರೆಗೂ ಬರೆದದ್ದು ಸುಳ್ಳು ಅಂತ ಗೊತ್ತಾಗುತ್ತೆ. ಬುಗುರಿ ತೆಗೆಯೋ ಕಾಲ ಹತ್ತಿರ ಬಂತು. ನನ್ನ ಅಂದಾಜು ಜಾಸ್ತಿಯಾಗಿದ್ರೆ? ಈ ಕಟ್ಟೆ, ಈ ಮಕ್ಕಳು, ಎಲ್ಲಾ ಸುಳ್ಳಾಗುತ್ತೆ. ನಿದ್ದೆ ಬರಲಿಲ್ಲಮ್ಮ.”

“ಬುಗುರಿಗೆ ಹಿಡಿದ ಉಪ್ಪು ಒರೆಸೋ ನೆಪದಲ್ಲಿ ಸಣ್ಣ ದೋಣೀಲಿ ಒಬ್ರೇ ಹೋಗಿದ್ರಿ ಅಂತ ಕ್ರೇನಿನವನೇ ಹೇಳಿದ,” ಎಂದರು ಅತ್ತಿಗೆ.

“ಹೋದೆ. ಕಿಂಡಿ ಬಿಚ್ಚಿದೆ. ಮುಚ್ಚಳ ಕೈಜಾರಿ ಬಿತ್ತು. ಅಲೆ ತಾನಾಗೇ ಒಳಗೆ ನುಗ್ತು.”

“ಮತ್ತೆ ಯಜಮಾನನ ಅಳಿಯ?”

ಮೇಷ್ಟ್ರು ಈಗ ಕಿಟಕಿ ಬಿಟ್ಟು ತಿರುಗಿದರು. “ಮೀನಿನ ದೋಣಿಗಳು ಹತ್ತಿರ ಬರ್ತಿದ್ವು. ಅವರ ಮೇಲೆ ಹಾಕೋದು ಸುಲಭ ಅನ್ನಿಸ್ತು. ಅವನನ್ನ ಹಿಡೀತಾರೆ ಅಂತ... ಅದೂ ಗೊತ್ತಿತ್ತು.”

“ಸರ್,” ಎಂದಳು ಶಿಷ್ಯೆ.

ಅವಳ ಬೆರಳು ತೆರೆಯ ಮೇಲೆ ನಿಂತುಬಿಟ್ಟಿತ್ತು. ಎರಡು ಗೆರೆಗಳು ಅಕ್ಕಪಕ್ಕ ಏರಿಳಿಯುತ್ತಿದ್ದವು. ಕೆಂಪು ಗೆರೆ ಮೇಷ್ಟ್ರು ಬರೆದದ್ದು. ನೀಲಿ ಗೆರೆ ಬುಗುರಿಯದು.

“ಸರ್, ನೀಲಿ ಮೇಲಿದೆ.”

“ಏನಂದೆ?”

“ನೀವು ಬರೆದದ್ದಕ್ಕಿಂತ ನಿಜವಾದ ಗಾಳೀನೇ ಜಾಸ್ತಿ ಇದೆ ಸರ್. ಬಿರುಗಾಳಿ ತಿಂಗಳಿಂದ ಬುಗುರಿ ಮುಳುಗೋವರೆಗೂ. ನೋಡಿ, ಎಲ್ಲಾ ಕಡೆ ಜಾಸ್ತಿ. ಇಂಥ ಗಾಳಿ ಈ ಕರಾವಳಿಯಲ್ಲೇ ಇಲ್ಲ!”

ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಮೇಷ್ಟ್ರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡರು ಎಂಬ ಮಾತು ಕೇಳಿದ್ದೆ. ಅಂಥವರನ್ನು ಕಣ್ಣಾರೆ ಕಂಡದ್ದು ಅವತ್ತೇ.

“ಗಾಳಿ ನಿಮಗೆ ಮೋಸ ಮಾಡಿರಲಿಲ್ಲ ಮೇಷ್ಟ್ರೇ,” ಎಂದರು ಅತ್ತಿಗೆ ಮೆತ್ತಗೆ. “ನೀವೇ ಅದನ್ನ ನಂಬಲಿಲ್ಲ.”

ಅವರು ಕುರ್ಚಿಗೆ ಕುಸಿದರು. ಆದರೆ ಅವರ ಕಣ್ಣು ಆ ನೀಲಿ ಗೆರೆಯನ್ನು ಬಿಡಲಿಲ್ಲ. ಎಲ್ಲವನ್ನೂ ಕಳೆದುಕೊಂಡ ಆ ಗಳಿಗೆಯಲ್ಲೂ ಆ ಮುಖದಲ್ಲಿ ಸಂತೋಷದ ಒಂದು ಎಳೆ ಇತ್ತು. ಅದನ್ನು ನೋಡಿ ನನಗೆ ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಲಾಕಪ್ಪಿನಲ್ಲಿದ್ದವನ ಸಲುವಾಗಿ ಇಟ್ಟುಕೊಂಡೆ.

ಇನ್ಸ್‌ಪೆಕ್ಟರ್ ಠಾಣೆಗೆ ಮಾತಾಡಿದರು. “ಬಿಟ್ಟುಬಿಡಿ. ಹೌದು, ಈಗಲೇ. ಜೀಪಲ್ಲಿ ಮನೆವರೆಗೂ ಬಿಟ್ಟು ಬನ್ನಿ. ದೋಣಿಗಳನ್ನೂ ಬಿಚ್ಚಿಸಿ.” ಆಮೇಲೆ ಕೆಳಗಿಳಿದು ಹೋಗಿ ಕಹಳೆಯ ಮುಂದೆ ಟೋಪಿ ತೆಗೆದು ನಿಂತರು. “ತಪ್ಪಾಯ್ತು ಯಜಮಾನ್ರೇ.”

ಕಹಳೆಗೆ ಪುರುಸೊತ್ತಿರಲಿಲ್ಲ. ಅವನು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಪಕ್ಕದಲ್ಲಿದ್ದವರಿಗೂ ಕೇಳಿಸಲಿಲ್ಲ.

*

“ಮುಚ್ಚಳ ಸಿಕ್ಕಿದ್ರೆ ಕೇಸು ಗಟ್ಟಿಯಾಗುತ್ತೆ,” ಎಂದರು ಇನ್ಸ್‌ಪೆಕ್ಟರ್.

ದೋಣಿಯಲ್ಲಿ ಕೂತು ಕಾಯುವುದಕ್ಕಿಂತ ಅದೇ ವಾಸಿ ಎಂದು ನಾನು ಖುಷಿಯಿಂದಲೇ ಮತ್ತೆ ಇಳಿದೆ.

ಮುಚ್ಚಳ ಹುಡುಕುವುದು ಕಷ್ಟವಾಗಲಿಲ್ಲ. ಬುಗುರಿ ಬಿದ್ದಿದ್ದ ಗುಂಡಿಯಿಂದ ಸ್ವಲ್ಪ ದೂರದಲ್ಲಿ ಮರಳಿನಿಂದ ಹಳದಿ ಅಂಚು ಇಣುಕುತ್ತಿತ್ತು. ಎತ್ತಿ ಸೊಂಟಕ್ಕೆ ಕಟ್ಟಿಕೊಂಡೆ. ಹಾಡೊಂದನ್ನು ಗುನುಗುತ್ತಿದ್ದೆ ಎಂದು ಕಾಣುತ್ತದೆ.

“ಕಪ್ಪೆ, ಹಾಡು ಸಾಕು, ಹತ್ತು,” ಎಂದರು ಅತ್ತಿಗೆ ತಂತಿಯಲ್ಲಿ. ದನಿಯಲ್ಲಿ ನಗು ಇತ್ತು.

ತಿರುಗಿದೆ. ಕಟ್ಟೆಯ ಹಿಂಬದಿಯ ಕಾಲಿನ ಆಚೆ, ಕತ್ತಲೆಯಲ್ಲಿ, ಒಂದು ಹಸಿರು ದೀಪ ಮಿನುಗಿತು.

ಆರಿತು. ಮತ್ತೆ ಮಿನುಗಿತು.

“ಅತ್ತಿಗೆ, ನೀರೊಳಗೆ ಕಟ್ಟೆಯವರದ್ದು ಇನ್ನೂ ಏನಾದರೂ ಯಂತ್ರ ಇದೆಯಾ, ಕೇಳಿ.”

ಮೇಲೆ ಮಾತುಗಳು ಗುಜುಗುಜು ಕೇಳಿಸಿದವು. “ಇಲ್ವಂತೆ. ಹುಡುಗಿಯೂ ಇಲ್ಲ ಅಂತಾಳೆ, ಮೇಷ್ಟ್ರೂ ಇಲ್ಲ ಅಂತಾರೆ. ಯಾಕೋ?”

ನಾನು ಹತ್ತಿರ ಹೋದೆ. ಪೆಟ್ಟಿಗೆ. ಕಪ್ಪು ಬಣ್ಣ, ಹೆಸರಿಲ್ಲ, ಅಂಕಿಯಿಲ್ಲ. ಮರಳಿಗೆ ಗೂಟ ಹೊಡೆದು ಬಿಗಿದಿದ್ದರು. ಕೈ ಚಾಚಿದೆ. ಬೆರಳು ಇನ್ನೂ ಮುಟ್ಟಿರಲಿಲ್ಲ, ದೀಪ ತಟ್ಟನೆ ಆರಿತು. ಮತ್ತೆ ಹತ್ತಲಿಲ್ಲ.

“ಅದಕ್ಕೆ ತಂತಿ ಇದೆಯಾ?” ಅತ್ತಿಗೆಯ ದನಿಯಲ್ಲಿದ್ದ ನಗು ಹೋಗಿತ್ತು. “ಯಾವ ಕಡೆ ಹೋಗಿದೆ ನೋಡು.”

ಪೆಟ್ಟಿಗೆಯ ಹಿಂದಿನಿಂದ ಕಪ್ಪು ಕೇಬಲ್ ಹೊರಟಿತ್ತು. ಕಟ್ಟೆಯ ಕಡೆಗಲ್ಲ. ದಡದ ಕಡೆಗೂ ಅಲ್ಲ. ದೋಣಿಯೂ ಹೋಗದ, ನಕ್ಷೆಯಲ್ಲಿ ಬರೀ ನೀಲಿಯಿರುವ ತೆರೆದ ಸಮುದ್ರದ ಕಡೆಗೆ, ಮರಳಿನ ಮೇಲೆ ನೆಟ್ಟಗೆ ಸಾಗಿ ಕತ್ತಲೆಯಲ್ಲಿ ಮರೆಯಾಗಿತ್ತು.

ಬಗ್ಗಿ ಅದನ್ನು ಕೈಗೆತ್ತಿಕೊಂಡೆ.

ಆ ಕಡೆಯಿಂದ ಯಾರೋ ಅದನ್ನು ಎಳೆದರು.